ಒಂಬತ್ತು ಗಂಟೆಯ ಶಟರು

ಅಳತೆಗೆ ಹೋದಾಗ ಬೆಳಗಿನ ಎಂಟೂಕಾಲು.
ರಾತ್ರಿಪಾಳಿ ಮುಗಿಸಿ ಬಂದಿದ್ದರು ಲವೀನಾ ಸಿಸ್ಟರು,
ಕೈಗಡಿಯಾರ ಇನ್ನೂ ಬಿಚ್ಚಿರಲಿಲ್ಲ.
"ಕತ್ತಲೆ ಬೇಕು" ಎಂದರು
ಅಂಗಡಿಯಲ್ಲಿ ಅರ್ಧ ಕೇಜಿ ಸಕ್ಕರೆ ಕೇಳುವ ಹಾಗೆ.

ಪೆನ್ಷನ್ ಮೊಹಲ್ಲದ ಮಹಡಿ ಕೋಣೆ, ಮೂಡಲಿಗೆ ಕಿಟಕಿ.
ಗಾಜಿಗೆ ಹಳೇ ಪೇಪರು, ಮೈದಾ ಅಂಟು.
ಒಂದು ಮೂಲೆ ಬಿಟ್ಟುಕೊಂಡಿದೆ,
ಅಲ್ಲಿಂದ ಇಳಿದ ಬಿಸಿಲು
ದಿಂಬಿನ ಮೇಲೆ ಕೂತು ಕಾಯುತ್ತಿದೆ.

ಸ್ಯಾಂಪಲ್ ಪುಸ್ತಕ ಬಿಚ್ಚಿದೆ, ಅಭ್ಯಾಸಬಲ.
ಇದು ವೆನಿಷಿಯನ್, ಸಿಸ್ಟರ್:
ಅಡ್ಡಪಟ್ಟಿಗಳು ನೂಲಿನ ಏಣಿಯ ಮೇಲೆ ಮಲಗಿರುತ್ತವೆ,
ಈ ಕಡ್ಡಿ ತಿರುಗಿಸಿದರೆ
ಎಲ್ಲವೂ ಒಟ್ಟಿಗೆ ಮಗ್ಗುಲು ಬದಲಿಸುತ್ತವೆ.
ದಾರ ಒಂದು ಕಡೆ ವಾಲಿಸಿದರೆ ಹಿಡಿಯುತ್ತದೆ,
ಇನ್ನೊಂದು ಕಡೆಗೆ ಬಿಡುತ್ತದೆ.
ಇದು ರೋಮನ್, ಮೇಲೇರುವಾಗ ಸೀರೆಯ ನೆರಿಗೆ.
ಇದು ವರ್ಟಿಕಲ್, ಬ್ಯಾಂಕಿನವರು ಕೇಳುವುದು,
ಫ್ಯಾನು ಹಾಕಿದರೆ ಒಂದರ ಕಿವಿಗೆ ಒಂದು ಚಾಡಿ ಹೇಳುತ್ತದೆ.
ಬಿದಿರಿನ ಚಿಕ್ಕು ಬಿಸಿಲನ್ನು ಜರಡಿ ಹಿಡಿಯುತ್ತದೆ, ಅಷ್ಟೆ.

"ಕತ್ತಲೆ" ಎಂದರು ಮತ್ತೆ.
"ಗೆರೆಗೆರೆ ಕತ್ತಲೆ ಅಲ್ಲ."

ಎಳೆಗೂಸುಗಳ ಐಸಿಯು. ಹನ್ನೊಂದು ತೊಟ್ಟಿಲು ಅಂದರು,
ಹನ್ನೊಂದು ಪರದೆಯಲ್ಲಿ ಹಸಿರು ಗೆರೆ, ರಾತ್ರಿಯಿಡೀ.
ನಾನು ಪುಸ್ತಕ ಮಡಚಿದೆ.

ಹಾಗಾದರೆ ರೋಲರ್. ಮೂರು ಪದರದ ಬಟ್ಟೆ.
ಚೌಕಟ್ಟಿನ ಒಳಗೆ ಕೂರಿಸಿದರೆ ಅಂದ, ಆದರೆ ಅಂಚಿನಲ್ಲಿ ಸೋರುತ್ತದೆ;
ಹೊರಗೆ ಗೋಡೆಗೆ ಹೊಡೆದು
ಎರಡೂ ಬದಿಗೆ ಮೂರು ಮೂರು ಇಂಚು ಹೆಚ್ಚು ಬಿಡಬೇಕು.
ಬೆಳಕು ನೀರಿನ ಜಾತಿ, ಸಂದು ಹುಡುಕುತ್ತದೆ.

ಮುಂದಿನ ಗುರುವಾರ ನಾಲ್ಕು ತೂತು ಕೊರೆದು ತಿರುಗಿದರೆ
ಪ್ಲಾಸ್ಟಿಕ್ ಕುರ್ಚಿಯಲ್ಲೇ ಅವರು ನಿದ್ದೆಗೆ ಬಿದ್ದಿದ್ದರು.
ಕೈಯಲ್ಲಿ ಅಡ್ವಾನ್ಸ್ ಕಳೆದು ಉಳಿದ ದುಡ್ಡು.
ಉಳಿದ ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿದೆ.
ಕೊಳವೆ ಕೂತಿತು, ಮಣಿಸರ ಎಳೆದೆ,
ಬಟ್ಟೆ ಇಳಿದು ಕೋಣೆ ಮುಚ್ಚಿತು.
ನನ್ನ ಬೆರಳು ನನಗೇ ಕಾಣದು.
ಸಂಬಳಕ್ಕೆ ಕತ್ತಲೆ ಕಟ್ಟುವವನಿಗೆ ಇದಕ್ಕಿಂತ ಏನು ಬೇಕು,
ಹಿಗ್ಗಿ ನಿಂತಿದ್ದೆ.

ಆಗ ಒಂಬತ್ತು ಹೊಡೆಯಿತು.
ರಸ್ತೆಯಾಚೆ ಘಡಘಡಘಡ.

"ಬಂದೆ, ಬಂದೆ" ಎಂದರು ಸಿಸ್ಟರು ನಿದ್ದೆಯಲ್ಲೇ,
ಕೈ ಎತ್ತಿ ಯಾವುದೋ ಗುಂಡಿ ಒತ್ತಿದರು ಗಾಳಿಯಲ್ಲಿ.
ನೋಟು ಜಾರಿ ನೆಲಕ್ಕೆ ಬಿದ್ದವು.

ನನ್ನ ಅಂಗಡಿಯ ಶಟರು ಅದು.
ನಮ್ಮ ಹುಡುಗ ಲೋಹಿತ ಎತ್ತುವುದು.
ಆರು ವರ್ಷದಿಂದ ದಿನಾ ಕೇಳಿದ ಸದ್ದು
ಅವತ್ತು ಮೊದಲ ಸಲ ನನ್ನ ಕಿವಿಗೆ ಬಿತ್ತು.

ಕೆಲಸ ಕಲಿಸಿದ ಅಮೀರ್‌ಜಾನ್ ಸಾಹೇಬರು ಹೇಳುತ್ತಿದ್ದರು:
ಶಟರು ಇಳಿಯುವಾಗ ಮೇಲಿನ ಸ್ಪ್ರಿಂಗು ಬಿಗಿದುಕೊಳ್ಳುತ್ತೆ,
ಆ ಬಿಗಿಯೇ ಬೆಳಿಗ್ಗೆ ನಿನ್ನ ಜೊತೆ ಸೇರಿ ಎತ್ತುತ್ತೆ ಕಣೋ.
ಅರಚಿದರೆ ಅದರ ತಪ್ಪಲ್ಲ, ಎಣ್ಣೆ ಕಾಣಿಸದ ನಿನ್ನದು.
ಒಮ್ಮೆ ಬೇಲೂರಿನ ಜಾಲಂಧ್ರದ ಮುಂದೆ ನಿಂತು
ಕಲ್ಲಿನ ಕಿಂಡಿಗಳನ್ನು ಸವರಿ ನಕ್ಕಿದ್ದರು:
ದಾರ ಇಲ್ಲ, ಕಡ್ಡಿ ಇಲ್ಲ, ರಿಪೇರಿಯೇ ಬರೋಲ್ಲ,
ಇಂಥವೇ ಇದ್ದಿದ್ದರೆ ನಮ್ಮ ಹೊಟ್ಟೆ ಮೇಲೆ ಕಲ್ಲು.

ಮಧ್ಯಾಹ್ನ ಅಂಗಡಿ ಮುಚ್ಚಿ
ಎರಡೂ ಗೈಡಿನ ತೋಡು ಕೆರೆದೆ.
ತುಕ್ಕು, ಬೀಡಿತುಂಡು, ಒಂದು ಹಲ್ಲಿಯ ಒಣಗಿದ ಬಾಲ.
ಗ್ರೀಸು ಮೆತ್ತಿದೆ. ಬಾಗಿದ ಮೂರು ಪಟ್ಟಿ ಬದಲಿಸಿದೆ.
ಲೋಹಿತನಿಗೆ ಹೇಳಿದೆ: ಒದ್ದು ಎತ್ತಬೇಡ,
ಮೊದಲು ಮೊಣಕಾಲಿನವರೆಗೆ, ನಿಲ್ಲು,
ಆಮೇಲೆ ಎದೆಯವರೆಗೆ, ನಿಲ್ಲು.
"ಯಾಕಣ್ಣ, ಒಳಗೆ ಯಾರಾದ್ರೂ ಮಲಗಿದಾರಾ?"
ಎಂದು ನಕ್ಕ ಎದುರಿನ ಜೆರಾಕ್ಸಿನವನು.

ತಿಂಗಳಾದ ಮೇಲೆ ಸಿಸ್ಟರು ಬಂದರು, ದೂರು ತಂದು.
ಎಡಗಡೆ ಅಂಚಿನಲ್ಲಿ ಸೂಜಿಯಷ್ಟು ಬೆಳಕು.
ಪಟ್ಟಿ ಹೊಡೆದು ಕೊಡುತ್ತೇನೆ ಎಂದೆ.
"ಬೇಡ ಬಿಡಿ, ಅಲ್ಮೇರಾದ ಹಿಡಿಗೆ ಬಂದರೆ ಹತ್ತೂವರೆ,
ಮಗ್ಗುಲು ಬದಲಿಸಿ ಮಲಗುತ್ತೇನೆ."

ಮೆಟ್ಟಿಲು ಇಳಿಯುತ್ತ ತಿರುಗಿದರು:
"ಈಚೆಗೆ ಅಂಗಡಿ ಲೇಟಾಗಿ ತೆಗೀತೀರೇನು?"

ಹೂಂ ಸಿಸ್ಟರ್, ಎಂದೆ.
ಸ್ವಲ್ಪ ಲೇಟು.